ಸೆಂಗುಳಂ ಕಟ್ಟೆಯ ಊಟೆ

ರುಜು ಹಾಕುವುದಿಲ್ಲ ಎಂದೆ. ಒಂದು ಸಲವಲ್ಲ, ಮೂರು ಸಲ. ನಮ್ಮ ಮೇಲಧಿಕಾರಿ ರವಿಕಿರಣ್ ಅವರಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಆದರೂ ಆ ಕಾಗದವನ್ನು ಮತ್ತೆ ಮತ್ತೆ ನನ್ನ ಮೂಗಿನ ಕೆಳಗೇ ಹಿಡಿಯುತ್ತಿದ್ದರು.

ಕಾಗದದಲ್ಲಿ ಇದ್ದದ್ದು ಇಷ್ಟು: ನದಿ ಉಕ್ಕಿ ಸೆಂಗುಳಂ ಅಣೆಕಟ್ಟು ತುಂಬಿದೆ, ಮಣ್ಣಿನ ಕಟ್ಟೆ ತಡೆಯುವ ಭರವಸೆ ಇಲ್ಲ, ಮಧ್ಯಾಹ್ನ ಎರಡಕ್ಕೆ ಪೂರ್ವದ ತುದಿಯಲ್ಲಿ ಕಟ್ಟೆ ಒಡೆದು ನೀರು ಬಿಡಬೇಕು. ಪೂರ್ವದ ತುದಿಯ ಕೆಳಗೆ ಕುಯಿಲ್ ನಗರ ಇದೆ ಅನ್ನುವುದು ಮಾತ್ರ ಕಾಗದದಲ್ಲಿ ಇರಲಿಲ್ಲ. ಮುನ್ನೂರು ಮನೆ. ಹೆಚ್ಚಿನವರು ವಡಪಳನಿಯ ಸ್ಟುಡಿಯೋಗಳಲ್ಲಿ ಸಿನಿಮಾ ಸೆಟ್ ಕಟ್ಟುವವರು.

"ಕೌಸಲ್ಯಾ ಮೇಡಂ, ಅಡಂ ಪಿಡಿಕ್ಕಬೇಡಿ, ಈ ಹಟ ಬೇಡ. ಈ ಸೆಕ್ಷನ್ ನಿಮ್ಮದು, ನಿಮ್ಮ ರುಜು ಬೇಕು. ಕಟ್ಟೆ ಪೂರ್ತಿ ಹೋದ್ರೆ ಅರ್ಧ ಊರೇ ಹೋಗತ್ತೆ."

"ಹತ್ತು ವರ್ಷದ ಹಿಂದೆಯೂ ಇದನ್ನೇ ಹೇಳಿ ರುಜು ಹಾಕಿಸಿಕೊಂಡ್ರು ಸಾರ್. ಹಾಕಿದೆ. ಜನಕ್ಕೆ ಹೇಳೋ ಮೊದಲೇ ನೀರು ಹೋಯ್ತು. ಇನ್ನೊಂದು ಸಲ ಈ ಕೈ ಆ ಕೆಲಸ ಮಾಡಲ್ಲ. ಪೋದುಂ, ಸಾಕು!"

ಆ ನೀರಿನಲ್ಲಿ ಹೋದವರಲ್ಲಿ ಕುಯಿಲ್ ನಗರದ ಜಾನಕಮ್ಮನ ಗಂಡ ಒಬ್ಬರು. ಆಕೆ ಇವತ್ತು ಮನೆ ಬಿಟ್ಟು ಬಂದು, ಕಟ್ಟೆಯ ಬುಡದಲ್ಲಿ ಒಂದು ಕಲ್ಲಿನ ಮೇಲೆ ಕೂತಿದ್ದರು. ಪೊಲೀಸರು ಎಷ್ಟು ಹೇಳಿದರೂ ಏಳಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಬೇಕೆಂದು ಕೇಳುವ ಮುಖವೂ ನನಗಿರಲಿಲ್ಲ.

ಕಟ್ಟೆಗೆ ಅಪಾಯ ಇದ್ದದ್ದು ಒಂದೇ ಜಾಗದಲ್ಲಿ. ಒಳಗಿನ ನೀರು ಅಡಿಯಿಂದ ದಾರಿ ಮಾಡಿಕೊಂಡು, ಹೊರಗಡೆ ಬುಡದಲ್ಲಿ ಬುಳುಬುಳು ಎಂದು ಊಟೆಯಾಗಿ ಏಳುತ್ತಿತ್ತು. ಬರುವ ನೀರು ತಿಳಿಯಾಗಿದ್ದರೆ ಹೆದರಬೇಕಾಗಿಲ್ಲ. ಕೆಸರಾಗಿದ್ದರೆ ಅದು ಕಟ್ಟೆಯ ಹೊಟ್ಟೆಯ ಮಣ್ಣನ್ನೇ ತಿಂದು ತರುತ್ತಿದೆ ಎಂದು ಅರ್ಥ. ಇದು ಕಾಫಿ ಬಣ್ಣಕ್ಕಿತ್ತು.

ನಾನು ಮೇಲೆ ಸಾರ್ ಜೊತೆ ಜಗಳದಲ್ಲಿದ್ದಾಗ ಕೆಳಗೆ ಜಾನಕಮ್ಮನ ಮಗ ಮಹದೇವ ತನ್ನ ಸೆಟ್ಟಿನವರನ್ನು ಕರೆತಂದಿದ್ದ. ಚಾಮರಾಜನಗರದ ಕಡೆಯವನು, ಕೆಲಸದಲ್ಲಿ ಗಟ್ಟಿಗ. ನಾನು ಇಳಿದು ಬರುವಷ್ಟರಲ್ಲಿ ಊಟೆಯ ಬಾಯಿಗೆ ತೆಂಗಿನ ನಾರು ತುರುಕಿ, ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು, ಅರಮನೆಯ ನೆಲದ ಹಾಗೆ ನುಣ್ಣಗೆ ಮಾಡಿಟ್ಟಿದ್ದ.

"ನೋಡಿ ಮೇಡಮ್ಮೋರೆ, ಹತ್ತೇ ನಿಮ್ಸ. ಒಂದ್ ತೊಟ್ಟು ಬರಾಕಿಲ್ಲ!"

"ಅಯ್ಯೋ ನಿನ್ನ! ಯಾರೋ ಮುಚ್ಚು ಅಂದಿದ್ದು ನಿಂಗೆ?"

ಅವನ ನಗು ಇಳಿಯುವ ಮೊದಲೇ ಎಂಟು ಅಡಿ ಆಚೆ ನೆಲ ಬಿರಿದು, ಮೊದಲಿಗಿಂತ ದಪ್ಪಗೆ ಕೆಸರು ಚಿಮ್ಮಿತು. ಜನ ಹೋ ಎಂದು ಹಿಂದೆ ಓಡಿದರು. ನಾನೂ ಎರಡು ಹೆಜ್ಜೆ ಹಿಂದೆ ಸರಿದೆ, ಸುಳ್ಳು ಯಾಕೆ ಹೇಳಲಿ.

"ಒಡಿ ಅದನ್ನ!" ಎಂದು ಕಿರುಚಿದೆ. "ಸೆಟ್ ಗೋಡೆ ಒಂದು ದಿನ ನಿಂತ್ರೆ ಸಾಕಪ್ಪ, ಇದು ಹಾಗಲ್ಲ. ನೀರಿನ ಬಾಯಿ ಮುಚ್ಚಬಾರದು. ಎರಡೂ ಸೇರಿಸಿ ಸುತ್ತ ಚೀಲ ಕಟ್ಟು, ಬಾವಿ ಕಟ್ಟೆ ಕಟ್ತಾರಲ್ಲ ಹಾಗೆ. ಒಳಗೆ ನೀರು ಏರಲಿ. ಏರಿದ ನೀರೇ ಕೆಳಗಿನ ನೀರನ್ನ ಅದುಮತ್ತೆ."

ಮಹದೇವ ಸುತ್ತಿಗೆ ತಗೊಂಡು ತನ್ನ ನುಣುಪು ನೆಲವನ್ನು ತಾನೇ ಪುಡಿ ಮಾಡಿದ. ಗೋಣಿಚೀಲಕ್ಕೆ ಮರಳು ತುಂಬಿದರು. ಒಂದು ಸಾಲು, ಎರಡು ಸಾಲು. ಗಾಳಿಮರದ ಕಂಬ ಹುಗಿದು ಚೀಲಗಳಿಗೆ ಆಸರೆ ಕೊಟ್ಟರು. ಅದರಲ್ಲಿ ಅವರನ್ನು ಮೀರಿಸುವವರಿಲ್ಲ.

ಎರಡು ಗಂಟೆಗೆ ಸಾರ್ ಮತ್ತೆ ಬಂದರು, ಹಿಂದೆ ಜೆಸಿಬಿ. ಚೀಲದ ಗೋಡೆ ಸೊಂಟದವರೆಗೆ ಎದ್ದಿತ್ತು, ಆದರೆ ನೀರಿನ್ನೂ ಕೆಸರು. ಅವರ ಕೈಯಲ್ಲಿ ಈಗ ಎರಡು ಕಾಗದ. ಎರಡನೆಯದು ನನ್ನ ಸಸ್ಪೆನ್ಷನ್.

"ನೀವಿನ್ನು ಇಲ್ಲಿ ಇರೋ ಹಾಗಿಲ್ಲ ಮೇಡಂ."

"ಇಂಜಿನಿಯರ್ ಆಗಿ ಇರೋ ಹಾಗಿಲ್ಲ, ಸರಿ. ಚೀಲ ಹೊರೋಕೆ ಯಾವ ಆರ್ಡರ್ ಬೇಕು ಸಾರ್?" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. "ಒಡೀಲೇಬೇಕು ಅಂದ್ರೆ ನೀವೇ ರುಜು ಹಾಕಿ. ಆದ್ರೆ ಅಲ್ಲಿ ಕೂತಿದಾರಲ್ಲ, ಆ ಅಮ್ಮನ ಮುಂದೆ ಹೋಗಿ ಹಾಕಿ. ನಾನು ಅವತ್ತು ಆಫೀಸಲ್ಲಿ ಕೂತು ಹಾಕಿದ್ದೆ, ಅದಕ್ಕೇ ಸುಲಭ ಆಯ್ತು."

ಅವರು ಪೆನ್ನು ತೆಗೆದರು. ಜಾನಕಮ್ಮ ಮೊದಲ ಸಲ ತಲೆ ಎತ್ತಿ ಅವರನ್ನು ನೋಡಿದರು. ಕಣ್ಣು ಕೀಳಲಿಲ್ಲ. ಸಾರ್ ಪೆನ್ನು ಜೇಬಿಗೆ ಹಾಕಿ ಗಡಿಯಾರ ನೋಡಿಕೊಂಡರು. "ಒಂದು ಗಂಟೆ. ಅಷ್ಟೇ," ಎಂದರು.

ಐವತ್ತೇಳರ ಬೆನ್ನು ನನ್ನದು. ಆ ಒಂದು ಗಂಟೆಯಲ್ಲಿ ಎಷ್ಟು ಚೀಲ ಹೊತ್ತೆನೋ ಲೆಕ್ಕವಿಲ್ಲ. ಗೋಡೆ ಎದೆಮಟ್ಟಕ್ಕೆ ಬಂದಾಗ ಒಳಗಿನ ಬುಳುಬುಳು ಸದ್ದು ತಗ್ಗಿತು. ಮಹದೇವ ಸ್ಟೀಲ್ ಲೋಟವನ್ನು ಮುಳುಗಿಸಿ ತೆಗೆದು ಸಾರ್ ಕೈಗೇ ಕೊಟ್ಟ. ಲೋಟದ ತಳ ಕಾಣುತ್ತಿತ್ತು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಜೆಸಿಬಿಯವನಿಗೆ ಹಿಂದೆ ಹೋಗು ಎಂದು ಕೈ ಮಾಡಿದರು. "ಸಸ್ಪೆನ್ಷನ್ ವಾಪಸ್ ತಗೊಳ್ಳೋದು ನನ್ನ ಕೈಲಿಲ್ಲ ಮೇಡಂ," ಎಂದರು.

"ಕೇಳಿದೋರು ಯಾರು?" ಎಂದೆ.

ಕಾಲು ಸೋತು ಜಾನಕಮ್ಮನ ಕಲ್ಲಿನ ಹತ್ತಿರ ಹೋಗಿ ನಿಂತೆ. ಕೂರಲು ಧೈರ್ಯ ಬರಲಿಲ್ಲ.

"ಹತ್ತು ವರ್ಸದಿಂದ ದಿನಾ ನಿನ್ನ ಸಪಿಸಿದೀನಿ ಕಣವ್ವ," ಎಂದರು ಆಕೆ.

"ಗೊತ್ತು. ತಪ್ಪೇನಿಲ್ಲ."

"ಇವತ್ತು ನೀ ಮಾಡಿದ್ದು ಬ್ಯಾರೆ. ಅದು ಅದೇಯ, ಇದು ಇದೇಯ."

"ಹೌದಮ್ಮ," ಎಂದೆ. ಕ್ಷಮಿಸಿ ಎಂದು ಕೇಳಲಿಲ್ಲ, ಆಕೆಯೂ ಕ್ಷಮಿಸಿದೆ ಎನ್ನಲಿಲ್ಲ.

ಜಾನಕಮ್ಮ ಕಲ್ಲಿನಿಂದ ಎದ್ದು, ಪಕ್ಕದ ಖಾಲಿ ಗೋಣಿಚೀಲವನ್ನು ಕೊಡವಿ ಬಾಯಿ ಅಗಲಿಸಿ ಹಿಡಿದರು. "ಸಂಜೀಗೆ ಇನ್ನೂ ಮಳೆಯಂತೆ. ನಿಂತೇ ಇದ್ದೀಯಲ್ಲ, ಮರಳು ತುಂಬು."