ಸುಬೇದಾರನ ಡಾಕ್ಟರು

"ಅಣ್ಣ, ಸ್ವಲ್ಪ ಆಚೆ ಹೋಗಿ. ಕಾಫಿ ಎಳೀಬೇಕು," ಎಂದು ತೋಟದ ಕೆಲಸದ ತುಳಸಿ ಗೋರುಮಣೆ ಹಿಡಿದು ನಿಂತಿದ್ದಳು.

ಕಾಫಿ ಒಣಹಾಕುವ ಕಣದ ನಟ್ಟನಡುವೆ, ಚಡ್ಡಿಯೊಂದನ್ನು ಬಿಟ್ಟರೆ ಬೇರೇನೂ ಇಲ್ಲದೆ, ಮೈಗೆಲ್ಲ ಕೊಬ್ಬರಿ ಎಣ್ಣೆ ಬಳಿದುಕೊಂಡು ಬೋರಲು ಬಿದ್ದಿದ್ದ ಅಶೋಕ್ ಚಾಪೆ ಸಮೇತ ಆಚೆ ಜರುಗಿದ. ಶ್ರೀಮಂಗಲದ ಹತ್ತಿರದ ಅವನ ಹೋಮ್‌ಸ್ಟೇಗೆ ಹತ್ತು ವರ್ಷದ ಹಿಂದೆ ಬಂದಿದ್ದ ಡೆನ್ಮಾರ್ಕಿನ ಗಂಡಹೆಂಡಿರು ಹತ್ತಿಸಿದ ಹುಚ್ಚು ಇದು. ಅವರೇನೋ ನಾಲ್ಕು ದಿನ ಮೈ ಕಾಯಿಸಿಕೊಂಡು ಊರು ಸೇರಿದರು. ಯಜಮಾನ ಮಾತ್ರ ಕಣ ಬಿಟ್ಟು ಏಳಲಿಲ್ಲ. ಕೆಲಸದವರೆಲ್ಲ ನೆರಳು ಹುಡುಕುವ ಹೊತ್ತಿಗೆ ಈ ಮಹಾಶಯ ಬಿಸಿಲು ಹುಡುಕುತ್ತಿದ್ದ. ಬೆಂದು ಕೆಂಪಾದ ಮೈ ನೋಡಿಕೊಂಡು "ಇದು ಆರೋಗ್ಯದ ಕಲರ್" ಎಂದು ಎದೆಯುಬ್ಬಿಸುತ್ತಿದ್ದ. ಮಳೆಗಾಲದಲ್ಲಿ ಬಿಸಿಲಿಲ್ಲವೆಂಬ ಕೊರಗು ಬೇರೆ. ಒಳಗೆ ಮಲಗಿದರೆ ದೀಪದಲ್ಲೇ ಮೈ ಕೆಂಪಾಗಿಸುವ ಪೆಟ್ಟಿಗೆಯೊಂದು ಕೇರಳದ ಯಾವುದೋ ಮುಚ್ಚಿದ ರೆಸಾರ್ಟಿನಲ್ಲಿದೆಯಂತೆ, ಅದನ್ನು ಮಾಕುಟ್ಟದ ದಾರಿಯಲ್ಲಿ ತರಿಸಲು ಮಾತಾಡಿಯೂ ಆಗಿತ್ತು.

ಅಡುಗೆಮನೆಯ ಕಿಟಕಿಯಲ್ಲಿ ನಿಂತ ಯಮುನಾಳ ಕಣ್ಣೆಲ್ಲ ಗಂಡನ ಎಡಗಿವಿಯ ಮೇಲಿತ್ತು. ಕಿವಿಯ ಮೇಲಂಚಿನಲ್ಲಿ ಕಾಳುಮೆಣಸಿನಷ್ಟು ಹುಣ್ಣು. ಹುತ್ತರಿ ಹಬ್ಬಕ್ಕೆ ಮೊದಲೇ ಎದ್ದದ್ದು. ಒಣಗುತ್ತದೆ, ಹೊಪ್ಪಳೆ ಉದುರುತ್ತದೆ, ಮತ್ತೆ ರಕ್ತ ಜಿನುಗುತ್ತದೆ.

"ಉಣ್ಣಿ ಕಚ್ಚಿದ್ದು ಮಾರಾಯ್ತಿ. ತೋಟದಲ್ಲಿರೋರಿಗೆ ಉಣ್ಣಿ ಅಲ್ಲದೆ ಇನ್ನೇನು ಹುಲಿ ಕಚ್ತದಾ?"

"ನಮ್ಮೂರಲ್ಲಿ ಅದೂ ಕಚ್ತದೆ," ಎಂದು ಅವಳು ನಕ್ಕಿದ್ದಳು. ಆದರೆ ಮಾಯದ ಹುಣ್ಣಿನ ಬಗ್ಗೆ ಮೊಬೈಲಿನಲ್ಲಿ ಓದಿದಂದಿನಿಂದ ಅವಳು ದಿನಕ್ಕೆ ಹತ್ತು ಸಲ ಆ ಕಿವಿಯನ್ನೇ ನೋಡುತ್ತಿದ್ದಳು. ಡಾಕ್ಟರಿಗೆ ತೋರಿಸೋಣ ಅಂದರೆ ಸಾಕು, ಸೈನ್ಯದಲ್ಲಿ ಗಡಿ ಕಾದು ಬಂದ ಗಂಡಸು ತೋಟದೊಳಗೆ ಓಡಿ ಮಾಯವಾಗುತ್ತಿದ್ದ.

ಅವನು ತಾನಾಗಿ ಹೋಗುತ್ತಿದ್ದ ಡಾಕ್ಟರೆಂದರೆ ಒಬ್ಬರೇ, ದನದ ಡಾಕ್ಟರು ತೀರ್ಥಪ್ರಸಾದ್. ಅದೂ ಸುಬೇದಾರನಿಗಾಗಿ. ಅಶೋಕ್ ಹವಾಲ್ದಾರನಾಗಿಯೇ ನಿವೃತ್ತನಾದವನು. ಅದಕ್ಕಿಂತ ಮೇಲಿನ ಸುಬೇದಾರ್ ಅವನ ನಾಯಿ. ನಾಯಿ ಸೀನಿದರೂ ಜೀಪು ಹೊರಡುತ್ತಿತ್ತು. ಯಮುನಾ ಗುಟ್ಟಾಗಿ ಆ ಡಾಕ್ಟರಿಗೇ ಫೋನು ಮಾಡಿ ಎಲ್ಲ ಹೇಳಿಕೊಂಡಳು.

"ಅಯ್ಯೋ ಅಕ್ಕ, ನಾನು ಮನುಷ್ಯರಿಗೆ ಮದ್ದು ಮಾಡಿದ್ರೆ ಕೇಸಾಗ್ತದೆ!"

"ಮದ್ದು ಬೇಡ, ಮಾತಾಡಿ ಸಾಕು. ನೀವು ಹೇಳಿದ್ರೆ ಅವರಿಗೆ ವೇದವಾಕ್ಯ."

ಮರುದಿನ ಸುಬೇದಾರನಿಗೆ ಇಂಜೆಕ್ಷನ್ ಹಾಕಿಸಲು ಹೊರಟಾಗ ಅವಳೂ ಜೀಪು ಹತ್ತಿದಳು. ಇಂಜೆಕ್ಷನ್ ಮುಗಿಸಿ ಕೈ ತೊಳೆಯುತ್ತ ತೀರ್ಥಪ್ರಸಾದ್ ಕೇಳಿದರು:

"ಅದೆಂತದು ಅಶೋಕಣ್ಣ, ಕಿವಿಯಲ್ಲಿ?"

"ಉಣ್ಣಿ ಕಚ್ಚಿದ್ದು."

"ಉಣ್ಣಿ ವಿಷಯ ನಂಗೆ ಹೇಳ್ತೀರಾ? ಅದಿರ್ಲಿ, ಸುಬೇದಾರನ ಕಿವಿಯಲ್ಲಿ ಇಂಥ ಹುಣ್ಣು ಎರಡು ತಿಂಗಳಾದ್ರೂ ಮಾಯದೆ ಇದ್ದಿದ್ರೆ ಎಂತ ಮಾಡ್ತಿದ್ರಿ?"

"ಎರಡು ತಿಂಗಳಾ? ಎರಡನೇ ದಿನಕ್ಕೇ ಎತ್ಕೊಂಡು ಬರ್ತಿದ್ದೆ!" ಎಂದು ರೇಗಿದ ಅಶೋಕ್, ಹಾಗೆಯೇ ಬಾಯಿ ತೆರೆದು ನಿಂತುಬಿಟ್ಟ.

"ಮತ್ತೆ? ಬಿಸಿಲಿಗೆ ಸುಟ್ಟು ಸುಟ್ಟು ಚರ್ಮದ ಕ್ಯಾನ್ಸರೂ ಆಗಬಹುದು. ಆಗಿದೆ ಅಂತಲ್ಲ, ಮೈಸೂರಲ್ಲಿ ಚರ್ಮದ ಡಾಕ್ಟ್ರಿಗೆ ತೋರಿಸಿ. ಆ ದೀಪದ ಪೆಟ್ಟಿಗೆ ತರಿಸ್ತೀರಂತೆ, ಅದೂ ಅಷ್ಟೇ ಕೆಟ್ಟದ್ದು. ಬೇಡ ಅಂತ ಇವತ್ತೇ ಫೋನ್ ಮಾಡಿ."

ಪೆಟ್ಟಿಗೆಯ ವಿಷಯ ಇವರಿಗೆ ಯಾರು ಹೇಳಿದರೆಂದು ಅಶೋಕ್ ಹೆಂಡತಿಯತ್ತ ತಿರುಗಿದ. ಯಮುನಾ ಸುಬೇದಾರನ ಕತ್ತು ತುರಿಸುವುದರಲ್ಲಿ ಮಗ್ನಳಾಗಿದ್ದಳು.

ಮನೆಯ ಗೇಟಿನ ಹತ್ತಿರ ಅಶೋಕ್ ಜೀಪು ನಿಲ್ಲಿಸಿ, "ನಾಳೆ ಮೈಸೂರಿಗೆ ಹೋಗೋಣ್ವಾ?" ಎಂದ. ಅವಳಿಗೆ ಅಳು ಬಂತು, ನಗುವೂ ಬಂತು.

ಮೈಸೂರಿನ ಡಾಕ್ಟರು ಹುಣ್ಣನ್ನು ಕತ್ತರಿಸಿ ತೆಗೆದು, ಹೊಲಿಗೆ ಹಾಕಿ, ತುಣುಕನ್ನು ಪರೀಕ್ಷೆಗೆ ಕಳಿಸಿದರು. ಉತ್ತರ ಬರುವವರೆಗೆ ಅಶೋಕ್‌ನ ಗಮ್ಮತ್ತೇ ಗಮ್ಮತ್ತು. ಕಿವಿಯ ಪಟ್ಟಿ ತೋರಿಸಿ ಹುಲಿಯ ಜೊತೆ ಕುಸ್ತಿ ಮಾಡಿದ ಕತೆಯನ್ನು ಅತಿಥಿಗಳಿಗೆ ಉಪ್ಪುಖಾರ ಹಚ್ಚಿ ಹೇಳುತ್ತಿದ್ದ. ಇವನಿಗೆ ಒಂದಿಷ್ಟೂ ಹೆದರಿಕೆ ಇಲ್ಲವಲ್ಲ, ತಾನೊಬ್ಬಳೇ ಹೆದರಿ ಸಾಯುತ್ತಿದ್ದೇನಲ್ಲ ಎಂದು ಯಮುನಾಳಿಗೆ ಸಿಟ್ಟೇ ಬಂದಿತ್ತು.

ಒಂದು ಬೆಳಿಗ್ಗೆ ಅವನು ಸ್ನಾನ ಮುಗಿಸಿ ಬರುವುದಕ್ಕೂ ಮೈಸೂರಿನಿಂದ ಫೋನು ಬರುವುದಕ್ಕೂ ಸರಿಹೋಯಿತು. ಯಮುನಾ ಸ್ಪೀಕರ್ ಒತ್ತಿದಳು.

"ಕ್ಯಾನ್ಸರೇ ಆಗಿತ್ತು," ಎಂದರು ಡಾಕ್ಟರು. "ಆದರೆ ಬೇಗ ಬಂದಿರಿ, ಪೂರ್ತಿ ತೆಗೆದಿದ್ದೇವೆ. ಅಂಚಿನಲ್ಲಿ ಏನೂ ಉಳಿದಿಲ್ಲ. ಆಗಾಗ ಬಂದು ತೋರಿಸಿಕೊಂಡು ಹೋಗಿ. ಬಿಸಿಲಲ್ಲಿ ಮಲಗೋದು ಮಾತ್ರ ಇವತ್ತಿಗೆ ಮುಗೀತು."

"ಕೇಳಿದ್ಯಾ? ಏನೂ ಇಲ್ಲ ಅಂತ ನಾನು ಆವತ್ತೇ ಹೇಳಿರ್ಲಿಲ್ವಾ!" ಅಶೋಕ್ ಮನೆಯ ಮಾಡು ಹಾರಿಹೋಗುವಂತೆ ನಕ್ಕ.

ನಗುತ್ತಲೇ ತುಂಬುತೋಳಿನ ಅಂಗಿಯೊಂದನ್ನು ಎಳೆದು ಹಾಕಿಕೊಂಡ. ಗುಂಡಿ ಮಾತ್ರ ತೂತಿಗೆ ಸಿಕ್ಕಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದ. ಅದೂ ತಪ್ಪಿತು. ಯಮುನಾ ಎದುರು ಬಂದು ನಿಂತು, ಅವನ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿ, ಕೆಳಗಿನಿಂದ ಒಂದೊಂದೇ ಗುಂಡಿ ಹಾಕುತ್ತ ಎದೆಯವರೆಗೆ ಬಂದಳು. ಅಲ್ಲಿಗೆ ಸಾಕೆಂದು ಕೈ ತೆಗೆಯಹೋದಳು.

"ಮೇಲಿನದ್ದೂ ಹಾಕು, ಹೊರಗೆ ಬಿಸಿಲು," ಎಂದ ಅಶೋಕ್. ಗದ್ದ ಎತ್ತಿ ಅವಳ ಕೈಗೆ ಜಾಗ ಮಾಡಿಕೊಟ್ಟ.