ಉಪವಾಸದವರ ಸಾಕ್ಷಿ

ನಬವಿಯಾಳ ಅಂಗಡಿಗೆ ಬೀಗ ಜಡಿದು ಅರಗಿನ ಮುದ್ರೆ ಒತ್ತಿದ ದಿನ ನನಗೆ ಮೈಯೆಲ್ಲ ಉರಿಯಿತು. ಇಡೀ ಪೇಟೆಗೆ ಚೀಸ್ ಉಣಿಸಿ ಮಕ್ಕಳನ್ನು ಸಾಕಿದ ವಿಧವೆ ಅವಳು. ನೈಲ್ ದಂಡೆಯ ನಮ್ಮ ಪಟ್ಟಣದಲ್ಲಿ ಕಾಮಾಲೆ ಹಬ್ಬಿತ್ತು. ಅದಕ್ಕೆ ಅವಳ ಚೀಸೇ ಕಾರಣವೆಂದು ಕೈರೋದ ಆರೋಗ್ಯ ಇಲಾಖೆಯಿಂದ ಬಂದಿದ್ದ ನನ್ನ ಮೇಲಧಿಕಾರಿ ಡಾಕ್ಟರ್ ರಾಗೆಬ್ ತೀರ್ಮಾನಿಸಿದ್ದರು. ವಾರ ಕಳೆದರೆ ಪರವಾನಗಿಯೇ ರದ್ದು.

"ನಾನೂ ದಿನಾ ಅವಳ ಚೀಸೇ ತಿನ್ನೋದು ಸಾರ್. ನನ್ನ ಕಣ್ಣು ಹಳದಿಯಾಗಿದ್ಯಾ ನೋಡಿ," ಎಂದೆ.

"ನಿಮ್ಮೊಬ್ಬರ ಹೊಟ್ಟೆ ಪುರಾವೆ ಆಗಲ್ಲ ಶಾಹಿನಾಜ್," ಎಂದರು. ಆ ಮಾತು ಸರಿಯೇ ಇತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. "ಕಾಮಾಲೆ ಬಂದೋರನ್ನ ಕೇಳಿದ್ವಿ, ಬಾರದೋರನ್ನೂ ಕೇಳಿದ್ವಿ. ಬಂದೋರಲ್ಲಿ ಮುಕ್ಕಾಲು ಜನ ಹೋದ ತಿಂಗಳು ಚೀಸ್ ತಿಂದಿದ್ದಾರೆ. ಬಾರದೋರು ಹೆಚ್ಚುಕಮ್ಮಿ ಮುಟ್ಟೇ ಇಲ್ಲ. ಇನ್ನೇನ್ರೀ ಬೇಕು?"

"ಬಾರದೋರನ್ನ ಎಲ್ಲಿ ಹಿಡಿದ್ರಿ?"

"ಚರ್ಚ್ ಅಂಗಳದ ಮೂಳೆ ಆಸ್ಪತ್ರೇಲಿ. ಕೈಕಾಲು ಮುರಿದಿರಬಹುದು, ಹೊಟ್ಟೆ ಗಟ್ಟಿ. ಒಂದೇ ಬೆಳಿಗ್ಗೇಲಿ ಕೆಲಸ ಮುಗೀತು."

ನನಗೆ ನಗು ತಡೆಯಲಾಗಲಿಲ್ಲ. ಅವರನ್ನು ಅಲ್ಲಿಗೇ ಕರೆದೊಯ್ದೆ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದ ಮುದುಕ ಬಿಶಾರಾನ ಮುಂದೆ ನನ್ನ ಬುತ್ತಿಯ ಚೀಸ್ ಹಿಡಿದೆ.

"ತಮಾಷೆ ಮಾಡ್ತೀಯೇನಮ್ಮ ಡಾಕ್ಟ್ರಮ್ಮ? ಈಸ್ಟರ್ ಮುಂಚಿನ ಉಪವಾಸ ಇದು. ಹಾಲು, ಮೊಟ್ಟೆ, ಚೀಸು ಒಂದೂ ಮುಟ್ಟಂಗಿಲ್ಲ. ತಿಂಗಳ ಮೇಲಾಯ್ತು, ಬರೀ ಕಾಳು ತಿಂದು ಹೊಟ್ಟೆ ತಮಟೆ ಆಗಿದೆ!"

ಸುತ್ತ ಕೂತವರೆಲ್ಲ ನಕ್ಕರು. ಬಹುಪಾಲು ಅವನ ಚರ್ಚಿನವರೇ. ರಾಗೆಬ್ ಇಂಗು ತಿಂದ ಮಂಗನಂತಾದರು. ಚೀಸ್ ಬಿಟ್ಟವರನ್ನೇ ಸಾಲಾಗಿ ಕೂರಿಸಿ ಕೇಳಿ, ಚೀಸ್ ಬಿಟ್ಟಿದ್ದರಿಂದಲೇ ಇವರು ಉಳಿದರು ಎಂದು ಬರೆದುಬಿಟ್ಟಿದ್ದರು.

ಮರುದಿನವೇ ಹೊಸದಾಗಿ ಶುರುಮಾಡಿದೆವು. ಈ ಸಲ ಪ್ರತಿ ರೋಗಿಗೂ ಅವನ ಓಣಿಯ, ಅವನ ವಯಸ್ಸಿನ ಆರೋಗ್ಯವಂತನೇ ಜೋಡಿ, ಉಪವಾಸದವನಿಗೆ ಉಪವಾಸದವನೇ. ರೋಗಿಗಳನ್ನು ಕೆದಕಿ ಕೆದಕಿ ಕೇಳಿ, ಉಳಿದವರನ್ನು ಕಾಟಾಚಾರಕ್ಕೆ ಕೇಳುವ ರಾಗೆಬರ ಚಾಳಿಯನ್ನೂ ಬಿಡಿಸಿದೆ. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಮಾತಿನಲ್ಲಿ.

ಚೀಸ್ ತಿಂದವರು ಎರಡೂ ಕಡೆ ಸಮಸಮ ಬಂದರು. ಎದ್ದು ಕಂಡದ್ದು ಬೇರೆ. ಕಾಮಾಲೆಯವರಲ್ಲಿ ಹೆಚ್ಚಿನವರು, ಉಪವಾಸದವರೂ ಸೇರಿ, ಬಸ್ ನಿಲ್ದಾಣದಲ್ಲಿ ಐಸ್ ಹಾಕಿದ ಕಬ್ಬಿನ ರಸ ಕುಡಿದಿದ್ದರು. ಉಳಿದವರಲ್ಲಿ ಕುಡಿದವರು ತೀರ ಕಡಿಮೆ. ಹೋಗಿ ನೋಡಿದರೆ, ಐಸ್ ಮಾಡುವ ನೀರಿಗೆ ಚರಂಡಿ ಸೇರುತ್ತಿತ್ತು.

ಮುದ್ರೆ ಒಡೆಯಲು ರಾಗೆಬ್ ತಾವೇ ಬಂದರು. "ತಪ್ಪು ನಂದು ತಾಯಿ," ಎಂದು ಪೇಟೆಯವರೆಲ್ಲರ ಎದುರು ಹೇಳಿದರು. ಅಷ್ಟು ದೊಡ್ಡ ಮನಸ್ಸು ಅವರಲ್ಲಿದೆಯೆಂದು ನಾನು ಎಣಿಸಿರಲಿಲ್ಲ. ಹೆಂಗಸರು ಮದುವೆಮನೆಯಲ್ಲಿ ಕೂಗುವಂತೆ ನಾಲಗೆ ಹೊರಳಿಸಿ ಕೂಗಿದರು. ಗೆದ್ದ ಖುಷಿಗೆ, ಡಾಕ್ಟರೆಂಬ ಬಿಂಕ ಬಿಟ್ಟು ನಾನೂ ಕೂಗಿದೆ.

"ನನ್ನ ಪಾಲು ಎತ್ತಿಡವ್ವ, ಈಸ್ಟರ್ ದಿನ ಮೊದಲ ಗಿರಾಕಿ ನಾನೇ!" ಎಂದು ಬಿಶಾರಾ ಊರುಗೋಲೆತ್ತಿ ಅರಚಿದ.

ನಬವಿಯಾ ಮನೆಯಿಂದ ತಂದ ಹೊಸ ಚೀಸಿನಲ್ಲಿ ದೊಡ್ಡ ತುಂಡು ಕತ್ತರಿಸಿ ರಾಗೆಬ್ ಕೈಗಿತ್ತಳು.

"ತಿನ್ನಿ ಡಾಕ್ಟ್ರೇ. ಮುಂದಿನ ಸಲ ಕಾಮಾಲೆ ಬಾರದೋರನ್ನ ಕೇಳೋವಾಗ ನಿಮ್ಮ ಹೆಸರೂ ಬರ್ಕೊಳ್ಳಿ!"