ತಗಡಿನ ಕಾರ್ಡು

‘‘ಈ ಡಬ್ಬಿ ಹೊಟ್ಟಿಯೊಳಗ ಖರೇನ ಎಷ್ಟು ಜಾಗ ಐತಿ?’’

ಕೋಣೆಯಲ್ಲಿ ಉತ್ತರ ಹೇಳುವವರು ಯಾರೂ ಇರಲಿಲ್ಲ. ಹಳೆಯ ಗೇಮಿಂಗ್ ಕಂಪ್ಯೂಟರನ್ನು ನೆಲದ ಮೇಲೆ ಮಗ್ಗುಲಾಗಿ ಮಲಗಿಸಿ, ಪಕ್ಕದ ಮುಚ್ಚಳ ಬಿಚ್ಚಿ, ಶಾಂಭವಿ ಮೊಣಕಾಲೂರಿ ಕುಳಿತಿದ್ದಳು. ಹತ್ತು ವರ್ಷ ಕಂಡ ಯಂತ್ರ ಅದು. ವೈಟ್‌ಫೀಲ್ಡ್ ಕಡೆ ಬಾಗಿಲು ಮುಚ್ಚಿದ ಗೇಮಿಂಗ್ ಸೆಂಟರೊಂದರಿಂದ ಕೊಂಡು, ಮೆಟ್ರೋದಲ್ಲಿ ತೊಡೆಯ ಮೇಲೆ ಕೂಸಿನಂತೆ ಕೂರಿಸಿಕೊಂಡು ನಾಗಸಂದ್ರಕ್ಕೆ ತಂದಿದ್ದಳು. ಬುಧವಾರ, ಆಟದ ಚಿತ್ರ ಮೂಡಿಸುವ ಅದರ ಗ್ರಾಫಿಕ್ಸ್ ಕಾರ್ಡು ಸುಟ್ಟುಹೋಯಿತು. ಕಾರ್ಡಿಗೆ ಕರೆಂಟು ತರುತ್ತಿದ್ದ ವೈರಿನ ಮೂತಿಯೂ ಕರಗಿ ಕಪ್ಪಾಯಿತು. ಪರದೆಯ ವೈರನ್ನು ಕಂಪ್ಯೂಟರಿನ ಮೂಲ ಬೋರ್ಡಿಗೇ ಚುಚ್ಚಿದರೆ ಅಕ್ಷರ ಕಾಣುತ್ತಿತ್ತು, ಆಟ ಓಡುತ್ತಿರಲಿಲ್ಲ.

ಬರುವ ಭಾನುವಾರವೇ ಪೀಣ್ಯದ ಹನ್ನೆರಡು ಕಾರ್ಖಾನೆಗಳ ನಡುವೆ ಕಾರ್ ರೇಸ್ ಆಟದ ಪಂದ್ಯ. ಕಾರ್ಖಾನೆಗೆ ಮೂವರು, ಅವರವರ ಮನೆಯಿಂದಲೇ ಆಟ. ಶಾಂಭವಿಯ ಕಾರ್ಖಾನೆಗೆ ಸಿಕ್ಕಿದ್ದ ಮೂರು ಸೀಟುಗಳಲ್ಲಿ ಒಂದನ್ನು ಅವಳು ಏಳು ಗಂಡಸರನ್ನು ಹಿಂದಿಕ್ಕಿ ಗೆದ್ದುಕೊಂಡಿದ್ದಳು. ತಂಡದ ನಾಯಕ, ಸ್ಟೋರ್ಸ್ ನೋಡಿಕೊಳ್ಳುವ ಭಾನುಪ್ರಕಾಶ್, ಸುದ್ದಿ ಕೇಳಿದವನೇ ಗಡುವು ಕೊಟ್ಟಿದ್ದ.

‘‘ಶನಿವಾರ ಸಂಜೆ ಆರ್ ಗಂಟೆ ಒಳ್ಗೆ ಟ್ರ್ಯಾಕ್ ಸುತ್ತಿ ಒಂದು ಟ್ರಯಲ್ ಲ್ಯಾಪ್ ಹೊಡ್ದು ಟೈಮ್ ಕಳ್ಸು. ಇಲ್ಲಾಂದ್ರೆ ಸೀಟು ಅವತ್ತು ನಿನ್ ಕೈಲಿ ಸೋತ ಗುರುರಾಜ್‌ಗೆ. ಅವನ್ದು ಹೊಸ ಕಂಪ್ಯೂಟರ್ ಕಣಮ್ಮ.’’

ಅಳೆಯುವುದೇ ಶಾಂಭವಿಯ ಕಸುಬು. ಕಾರ್ಖಾನೆಯ ಯಂತ್ರದಿಂದ ಇಳಿದ ಬಿಡಿಭಾಗ ಅವಳ ಮೇಜು ದಾಟದೆ ಲಾರಿ ಹತ್ತುವಂತಿರಲಿಲ್ಲ. ಉದ್ದನೆಯ ವರ್ನಿಯರ್ ಮಾಪಕ ಹಿಡಿದು ಕಾರ್ಡು ಕೂರುವ ಜಾಗವನ್ನು ಮೂರು ಸಲ ಅಳೆದಳು: ಇನ್ನೂರ ನಲವತ್ತೊಂದು ಮಿಲಿಮೀಟರ್, ಮೇಲೊಂದು ಕೂದಲೆಳೆ.

ಪಕ್ಕದ ಕೋಣೆಯ ಸಂಗಣ್ಣ ಅದೇ ಕಾರ್ಖಾನೆಯ ಫಿಟ್ಟರ್, ವಿಜಯಪುರ ಕಡೆಯವನು. ‘‘ಕೊಳ್ಳೂಕಿಂತ ಮೊದಲ ಒಂದು ಡಮ್ಮಿ ಹಾಕಿ ನೋಡಬೇ. ಉಕ್ಕು ಕಡಿಯೂ ಮುಂದ ನಾವು ಮಾಡೂದು ಅದನ ಅಲ್ಲೇನ?’’ ಎಂದ. ಶುಕ್ರವಾರ ಊಟದ ಬಿಡುವಿನಲ್ಲಿ ಅಲ್ಯೂಮಿನಿಯಂ ತಗಡಿನ ಚೂರೊಂದನ್ನು ಕಾರ್ಡಿನ ಆಕಾರದಲ್ಲಿ ಇನ್ನೂರ ನಲವತ್ತಕ್ಕೆ ಕತ್ತರಿಸಿ, ಅಂಚು ತೀಡಿ, ಸಂಜೆ ತಂದುಕೊಟ್ಟ.

ತಗಡು ಒಳಗೆ ಹೋಗಲೇ ಇಲ್ಲ. ಹಾರ್ಡ್‌ಡಿಸ್ಕಿನ ಗೂಡಿನ ಅಂಚು ತುಟಿಯಂತೆ ಹೊರಕ್ಕೆ ಮಡಚಿತ್ತು. ಹೇಗೆ ತಿರುಗಿಸಿದರೂ ಅದು ಅಡ್ಡ.

ಸಂಗಣ್ಣ ನಕ್ಕುಬಿಟ್ಟ. ‘‘ಕುಂಡ್ರೂ ಜಾಗ ಅಳದಿ ತಂಗಿ, ಹೋಗೂ ದಾರಿ ಅಳದಿಯೇನ?’’

ಕೂದಲೆಳೆಯ ಲೆಕ್ಕ ಇಡುವವರಷ್ಟೇ ಮಾಡಬಲ್ಲ ತಪ್ಪು. ಶಾಂಭವಿ ನಾಲಗೆ ಕಚ್ಚಿಕೊಂಡಳು. ಕತ್ತರಿಸಿದರು, ತೀಡಿದರು, ಇಟ್ಟು ನೋಡಿದರು, ಮತ್ತೆ ಕತ್ತರಿಸಿದರು. ನೂರ ಎಪ್ಪತ್ತನಾಲ್ಕಕ್ಕೆ ಬಂದಾಗ ತಗಡು, ಗರ್ಭಗುಡಿಯ ಗಿಡ್ಡ ಬಾಗಿಲಿಗೆ ತಲೆ ತಗ್ಗಿಸಿದ ಭಕ್ತನ ಹಾಗೆ ಬಾಗಿ, ಒಳಹೊಕ್ಕು, ನೆಟ್ಟಗೆ ಕುಳಿತಿತು.

ಶನಿವಾರ ಅರ್ಧ ದಿನದ ಪಾಳಿ ಮುಗಿಸಿ, ಮೆಟ್ರೋ ನಿಲ್ದಾಣದ ಹತ್ತಿರದ ಶ್ರೀಧರನ ಅಂಗಡಿಗೆ ಹೋದಳು. ಅವನು ಮೊಳದುದ್ದದ ಪೆಟ್ಟಿಗೆ ಇಳಿಸಿದ.

‘‘ಮೂರ್ ಫ್ಯಾನು ಮೇಡಂ, ಸಕ್ಕತ್ ಐಟಂ.’’

‘‘ನಮ್ಮ ಡಬ್ಬಿಯೊಳಗ ಇದು ಹಿಡಿಯೂದಿಲ್ರಿ.’’

‘‘ಡಬ್ಬಿ ಬದ್ಲಾಯ್ಸಿ.’’

‘‘ಇದಕ್ಕ ಬ್ಯಾರೆ ಕರೆಂಟಿನ ವೈರ್ ಬೇಕು.’’

‘‘ಪವರ್ ಸಪ್ಲೈನೂ ಬದ್ಲಾಯ್ಸಿ.’’

‘‘ಹಂಗಾದ್ರ ಹಳೇದ್ರಾಗ ಉಳಿಯೂದೇನ್ರಿ?’’

‘‘ನೀವ್ ಉಳೀತೀರಲ್ಲ ಮೇಡಂ!’’

ಶಾಂಭವಿ ತಗಡನ್ನು ಗಾಜಿನ ಮೇಲಿಟ್ಟಳು. ‘‘ಇದಕ್ಕಿಂತ ಉದ್ದ ಇರಬಾರದು. ಬ್ಯಾರೆ ವೈರ್ ಕೇಳಬಾರದು, ಬೋರ್ಡ್ ಕೊಡೂ ಕರೆಂಟಿನಾಗ ನಡೀಬೇಕು.’’

‘‘ಹದಿನೈದ್ ವರ್ಷದಿಂದ ಅಂಗ್ಡಿ ಇಟ್ಟಿದ್ದೀನಿ. ಕಾರ್ಡ್‌ಗೆ ಬ್ಲೌಸ್ ಥರ ಅಳತೆ ತಂದೋರ್ನ ಇವತ್ತೇ ನೋಡ್ತಿರೋದು,’’ ಎಂದು ಶ್ರೀಧರ ನಗುತ್ತಲೇ ಪುಟ್ಟದೊಂದು ಹೊಚ್ಚಹೊಸ ಕಾರ್ಡು ತೆಗೆದ. ಉದ್ದ ಸರಿ, ವೈರೂ ಬೇಡ. ಶಾಂಭವಿ ಅದನ್ನು ಮಗುಚಿ, ಬೋರ್ಡಿಗೆ ಕೂರುವ, ಚಿನ್ನ ಲೇಪಿಸಿದ ಹಲ್ಲುಗಳ ಅಂಚನ್ನು ಬೆಳಕಿಗೆ ಹಿಡಿದಳು.

‘‘ಇದರ ಚಿನ್ನದ ಹಲ್ಲು ಕಾಲು ಭಾಗಕ್ಕ ನಿಂತಾವಲ್ರಿ?’’

‘‘ಹೊಸ ಬೋರ್ಡ್‌ಗೆ ಅಷ್ಟೇ ಸಾಕು. ಡೇಟಾ ಹೋಗೋ ಒಂದೊಂದು ದಾರೀನೂ ಅದ್ರಲ್ಲಿ ಫಾಸ್ಟು.’’

‘‘ನಂದು ಹಳೇ ಬೋರ್ಡ್. ದಾರಿ ನಿಧಾನ, ಅದಕ್ಕ ದಾರಿ ಜಾಸ್ತಿ ಬೇಕು. ಸಾಲು ತುಂಬ ಹಲ್ಲು ಇರೂದು ಕೊಡ್ರಿ.’’

ಶ್ರೀಧರನ ನಗು ನಿಂತಿತು. ಏಣಿ ಹತ್ತಿ, ಮೇಲಿನ ಹಲಗೆಯ ಹಿಂದಿನಿಂದ ಧೂಳು ಊದುತ್ತ ಒಂದು ಪೆಟ್ಟಿಗೆ ತಂದ. ಹಿಂದಿನ ತಲೆಮಾರಿನ ಕಾರ್ಡು, ಒಂದೇ ಫ್ಯಾನು, ಸಾಲು ತುಂಬ ಹಲ್ಲು. ತಗಡಿನ ಮೇಲಿಟ್ಟರೆ ಬಾಲ ಎರಡು ಮಿಲಿಮೀಟರ್ ಒಳಗೇ ನಿಂತಿತು.

‘‘ಒಪ್ಕೊಂಡೆ ಮೇಡಂ,’’ ಎಂದು ಅವನೇ ಅದನ್ನು ಚೀಲಕ್ಕೆ ಹಾಕಿದ.

ಶಾಂಭವಿ ಬಾಡಿಗೆಗಿದ್ದದ್ದು, ಮನೆಯ ಒಡತಿ ವೆಂಕಟಮ್ಮನ ರಾಗಿ ಹೊಲದ ಮೇಲೆಯೇ ಎದ್ದ ಮೂರು ಮಹಡಿಯ ಕಟ್ಟಡದಲ್ಲಿ. ಚೀಲ ಕಂಡವಳೇ ಆ ಒಡತಿ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಮೆಟ್ಟಿಲು ಹತ್ತಿಬಂದಳು. ‘‘ಒಸಾ ಸಾಮಾನು, ಅಂಗೇ ಸ್ವಿಚ್ ಆಕ್ಬುಡ್ತಾರೇನವ್ವ?’’

‘‘ಒಳಗ ಬ್ಯಾಡ್ರಿ ಅಮ್ಮಾ, ಹೊರಗ ಹಚ್ರಿ!’’ ಎಂದು ಶಾಂಭವಿ ತಡೆದಳು.

ಕಾರ್ಡು ತಗಡು ಹೋದ ದಾರಿಯಲ್ಲೇ ಹೋಗಿ ಕಟಕ್ಕೆಂದು ಕುಳಿತಿತು. ಸ್ವಿಚ್ ಒತ್ತಿದಳು. ಫ್ಯಾನು ತಿರುಗಿತು. ಪರದೆ ಮಾತ್ರ ಕಪ್ಪು. ನೋಡಲು ಬಂದಿದ್ದ ಸಂಗಣ್ಣ ಪರದೆಯ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದ. ವೆಂಕಟಮ್ಮ ತಿರುಪತಿ ತಿಮ್ಮಪ್ಪನಿಗೆ ಮುಡಿಪು ಕಟ್ಟಿದಳು. ಶಾಂಭವಿ ಗಾಬರಿಯಾಗಲಿಲ್ಲ. ಗೋಡೆಯ ಪ್ಲಗ್ಗಿನಿಂದ ಹೊರಟು, ತಪಾಸಣೆಗೆ ಬಂದ ಮಾಲಿನ ಹಾಗೆ ಒಂದೊಂದೇ ಕೂಡುತಾಣ ಮುಟ್ಟುತ್ತ ಬಂದಳು. ಪರದೆಯ ವೈರು ಇನ್ನೂ ಬೋರ್ಡಿನ ತೂತಿನಲ್ಲೇ ಇತ್ತು! ಕಿತ್ತು ಹೊಸ ಕಾರ್ಡಿಗೆ ಚುಚ್ಚಿದಳು. ಪರದೆ ಬೆಳಗಿತು.

ಕಾರ್ಡಿಗೆ ಬೇಕಾದ ಸಾಫ್ಟ್‌ವೇರ್ ಇಳಿಯುವಷ್ಟರಲ್ಲಿ ಐದೂವರೆ. ಆಟದ ಸ್ಟಿಯರಿಂಗ್ ಹಿಡಿದಳು. ಘಟ್ಟದ ಮೂರು ತಿರುವು ನೀರಿನಂತೆ ಹರಿದವು, ಎಲ್ಲೂ ತಡವರಿಕೆ ಇಲ್ಲ, ಚಿತ್ರ ಎಲ್ಲೂ ತುಂಡಾಗಲಿಲ್ಲ. ಗೆರೆ ದಾಟಿದಾಗ ತನ್ನದೇ ಹಳೆಯ ದಾಖಲೆಗಿಂತ ಎರಡು ಸೆಕೆಂಡು ಮುಂದಿದ್ದಳು.

‘‘ಹೊಡದ್ಲಪಾ ನಮ್ಮ ಹುಡುಗಿ!’’ ಎಂದು ಸಂಗಣ್ಣ ಬಾಗಿಲಿಗೆ ಗುದ್ದಿದ. ಏನು ನಡೆಯಿತೆಂದು ತಿಳಿಯದಿದ್ದರೂ ವೆಂಕಟಮ್ಮ ಅವನಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ಐದು ಐವತ್ತಕ್ಕೆ ಸಮಯ ಕಳಿಸಿದಳು. ಕೂಡಲೇ ಭಾನುಪ್ರಕಾಶನ ಫೋನು.

‘‘ಟೈಮ್ ನೋಡ್ದೆ, ಸೂಪರ್. ಆದ್ರೆ ನಾನು ಬೆಳಗ್ಗೇನೇ ಗುರುರಾಜ್‌ಗೆ ಹೂಂ ಅಂದ್ಬಿಟ್ಟಿದ್ದೀನಿ. ನಿಂದು ಹಳೇ ಮಷೀನ್, ಮಧ್ಯ ಕೈಕೊಟ್ರೆ? ಈ ಸಲ ಅವನ್ಗೆ ಬಿಟ್ಕೊಡು, ಸ್ವಲ್ಪ ಅಡ್ಜಸ್ಟ್ ಮಾಡ್ಕೋ.’’

‘‘ಗುರುರಾಜಂದು ಲ್ಯಾಪ್ ಎಷ್ಟರಾಗ ಮುಗೀತ್ರಿ?’’

ಅತ್ತ ಕಡೆ ಕೆಮ್ಮು. ‘‘ನಿನ್ಗಿಂತ ನಾಲ್ಕ್ ಸೆಕೆಂಡ್ ಜಾಸ್ತಿ.’’

‘‘ಬಿಟ್ಟುಕೊಡೂದಿಲ್ಲ,’’ ಎಂದಳು ಶಾಂಭವಿ.